ಮೂರು ಸಲ ತಟ್ಟಿದೆನೆಂಬ ಷರಾ

ಜುಲೈ ೬

ಅಪ್ಪಾ,

ಫೋನಿನಲ್ಲಿ ಏನು ಹೇಳಿದರೂ ನಿನ್ನ ಉತ್ತರ ಒಂದೇ, "ಹ್ಞಾಂ ಹ್ಞಾಂ." ಮೊನ್ನೆ ಪರೀಕ್ಷೆ ಮಾಡೋಣವೆಂದು, ಕಾಲೇಜು ಬಿಟ್ಟು ಸರ್ಕಸ್ ಸೇರಿಕೊಂಡೆ ಎಂದು ಹೇಳಿದೆ. ಅದಕ್ಕೂ ನೀನು, "ಹ್ಞಾಂ, ಒಳ್ಳೇದಾಯ್ತು, ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದು ಇಟ್ಟುಬಿಟ್ಟೆ. ನಿನ್ನ ಎಡಗಿವಿಯೂ ಬಲಗಿವಿಯ ದಾರಿ ಹಿಡಿದಿದೆ. ಇನ್ನು ಕಾಗದವೇ ಗತಿ. ಮೂವತ್ತೆರಡು ವರ್ಷ ಕೋರ್ಟಿನ ಅಮೀನನಾಗಿ ಕಂಡವರ ಮನೆಗೆಲ್ಲ ಸಮನ್ಸ್ ಮುಟ್ಟಿಸಿದವನು ನೀನು. ರಿಟೈರಾದ ಮೇಲಾದರೂ ನಿನ್ನ ಬಾಗಿಲಿಗೆ ಯಾರಾದರೂ ಕಾಗದ ತಂದುಕೊಡಲಿ.

ರೂಮು ಸಿಕ್ಕಿದೆ. ಗಡಿಯಾರ ರಿಪೇರಿ ಅಂಗಡಿಯ ಮೇಲೆ, ಮೂರನೇ ಮಹಡಿ. ಕಿಟಕಿ ಇದೆ, ಆದರೆ ತೆರೆದರೆ ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಕೈ ಚಾಚಿದರೆ ಮುಟ್ಟಬಹುದು. ಮಳೆ ಬಂದಿದೆಯೋ ಇಲ್ಲವೋ ಎಂದು ಆ ಗೋಡೆ ಒದ್ದೆಯಾದ ಮೇಲೇ ನನಗೆ ತಿಳಿಯುವುದು.

ಕ್ಲಾಸಿನಲ್ಲಿ ನೂರಿಪ್ಪತ್ತು ಜನ. ಹೆಸರು ಕರೆಯುವುದಿಲ್ಲ, ನಂಬರು ಕರೆಯುತ್ತಾರೆ. ನಾನು ಎಂಬತ್ತೇಳು. ದಿನಕ್ಕೆ ನನ್ನ ಬಾಯಿಂದ ಹೊರಡುವ ಮಾತು ಮೂರೇ ಮೂರು: "ಪ್ರೆಸೆಂಟ್ ಸರ್", "ಒಂದು ಚಹಾ", ಬಸ್ಸಿನಲ್ಲಿ "ಇಳೀತೀನಿ ಜಾಗ ಬಿಡಿ". ನನ್ನ ಬಾಯಿಗೆ ಹೆದರಿಯೇ ಪಿಟೀಲು ಎಂದು ಹೆಸರಿಟ್ಟವನು ನೀನು. ಈಗ ಬಂದು ನೋಡಿದರೆ ಗುರುತು ಹಿಡಿಯಲಾರೆ. ಉಳಿದವರೆಲ್ಲ ಮೊದಲ ವಾರವೇ ಗುಂಪುಗುಂಪಾಗಿಬಿಟ್ಟರು. ಅವರ ಅಪ್ಪಂದಿರು ವಕೀಲರು, ಚಿಕ್ಕಪ್ಪಂದಿರು ಜಡ್ಜುಗಳು. ನಮ್ಮಪ್ಪನೂ ಕೋರ್ಟಿನವರೇ ಎಂದು ಒಂದು ಹುಡುಗಿಗೆ ಹೇಳಿದೆ. ಯಾವ ಕೋರ್ಟು ಎಂದು ಕೇಳಿದಳು. ಯಾವ ಕೆಲಸ ಎಂದು ಕೇಳುವಷ್ಟರಲ್ಲಿ ಯಾರೋ ಅವಳನ್ನು ಕರೆದರು.

ಕರಾರು ಕಾಯ್ದೆಯ ಪುಸ್ತಕ ಹಳೇ ಅಂಗಡಿಯಲ್ಲಿ ಕೊಂಡೆ. ಹಿಂದೆ ಓದಿದವರು ಯಾರೋ ಪೆನ್ಸಿಲಿನಲ್ಲಿ ಅಂಚು ತುಂಬ ಬರೆದಿದ್ದಾರೆ. "ಇದು ಬಂದೇ ಬರುತ್ತೆ." "ಇದು ಬರಲ್ಲ, ಬಿಡು." "ತಲೆ ಕೆಡ್ತು." ನಾನೂ ಅದರ ಕೆಳಗೆ "ನನಗೂ" ಎಂದು ಬರೆಯುತ್ತೇನೆ. ಇನ್ನೂರ ಹನ್ನೆರಡನೇ ಪುಟದಿಂದ ಮುಂದೆ ಒಂದು ಗೀಟೂ ಇಲ್ಲ. ಪಾಸಾದರೋ, ಊರಿಗೆ ಹೋದರೋ. ನಾನಿನ್ನೂ ನೂರ ನಲವತ್ತರಲ್ಲಿದ್ದೇನೆ, ಬೇಗ ಓದಲು ಮನಸ್ಸಿಲ್ಲ.

ಎದುರು ರೂಮಿನಲ್ಲಿ ಒಬ್ಬ ನರ್ಸ್ ಇದ್ದಾರಂತೆ. ಮುಖ ನೋಡಿಲ್ಲ. "ಬೀಗ ಸುಳ್ಳು ಹೇಳುತ್ತೆ, ಚಪ್ಪಲಿ ಹೇಳಲ್ಲ" ಎನ್ನುತ್ತಿದ್ದೆಯಲ್ಲ, ಹಾಗೆ ಅವರ ಬಿಳಿ ಚಪ್ಪಲಿ ಬಾಗಿಲಲ್ಲಿದ್ದರೆ ಇದ್ದಾರೆ, ಇಲ್ಲದಿದ್ದರೆ ಪಾಳಿಗೆ ಹೋಗಿದ್ದಾರೆ ಎಂದು ತಿಳಿಯುತ್ತೇನೆ. ಬಂದು ನಾಲ್ಕು ವಾರವಾಯಿತು, ನನ್ನ ಬಾಗಿಲನ್ನು ಒಬ್ಬರೂ ತಟ್ಟಿಲ್ಲ.

ಮೇಜಿನ ಮೇಲೆ ಆ ಶಂಖ ಇಟ್ಟುಕೊಂಡಿದ್ದೇನೆ, ಏಳು ವರ್ಷದವಳಿದ್ದಾಗ ನನ್ನನ್ನು ಸಮುದ್ರ ನೋಡಲು ಕರೆದುಕೊಂಡು ಹೋಗಿದ್ದೆಯಲ್ಲ, ಅಲ್ಲಿಯದು. ಎರಡು ಪೂರ್ತಿ ದಿನ. ಬೇಸರವಾದಾಗ ಆ ಎರಡು ದಿನವನ್ನು ಮೊದಲಿಂದ ಕೊನೆಯವರೆಗೆ ನೆನೆಸಿಕೊಳ್ಳುತ್ತೇನೆ, ನಿದ್ದೆ ಬರುತ್ತದೆ.

ಇನ್ನೊಂದು. ನೀನು ತುಂಬಿ ಕಳಿಸಿದ ಬಟ್ಟೆ ಚೀಲಗಳು ಒಂಬತ್ತಾದವು. ಸಾಮಾನಿಗಿಂತ ಚೀಲವೇ ಹೆಚ್ಚು. ಬಸ್‌ಸ್ಟ್ಯಾಂಡಿನ ಹತ್ತಿರದ ಆ ಚೀಲದ ಅಕ್ಕನಿಂದ ನೀನು ಎಷ್ಟು ಹೊಲಿಸಿಕೊಳ್ಳುತ್ತೀಯೆಂದರೆ, ಊರಿನಲ್ಲಿ ನಿನ್ನನ್ನು ಚೀಲದ ಏಜೆಂಟ್ ಅಂದುಕೊಂಡಾರು.

ನಿನ್ನ
ಪಿಟೀಲು

* * *

ಜುಲೈ ೧೭

ಮಗಳೇ, ಚೆನ್ನಾಗಿರು.

ನಿನ್ನ ಕಾಗದ ಇದೇ ತಿಂಗಳು ಹನ್ನೊಂದನೇ ತಾರೀಕು ಬೆಳಿಗ್ಗೆ ಹನ್ನೊಂದೂವರೆಗೆ, ನಾನು ಖುದ್ದು ಮನೆಯಲ್ಲಿರುವಾಗ, ನನ್ನ ಕೈಗೆ ಜಾರಿಯಾಯಿತು. ಅಂಚೆಯವನು ಹೊಸಬ, ಒಂದೇ ಸಲ ತಟ್ಟಿ ಹೊರಟಿದ್ದ. ಕರೆದು ಬುದ್ಧಿ ಹೇಳಿದೆ. ನನಗೆ ಕೇಳಿಸಿದ್ದೇ ಹೆಚ್ಚು.

ಸರ್ಕಸ್ಸಿನ ವಿಷಯ ಕಾಗದ ಓದಿದ ಮೇಲೆ ತಿಳಿಯಿತು. ಕಾನೂನಿಗಿಂತ ಅದೇ ಮೇಲಿತ್ತೇನೋ, ಹುಲಿಯಾದರೂ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆ.

ಎಂಬತ್ತೇಳು ಎಂದು ಕರೆದರೆ ಬೇಜಾರು ಮಾಡಿಕೊಳ್ಳಬೇಡ. ಕೋರ್ಟಿನಲ್ಲಿ ಎಲ್ಲರೂ ನಂಬರೇ. ನನ್ನ ಚೀಲದಲ್ಲಿದ್ದ ಸಮನ್ಸ್‌ಗಳಿಗೂ ನಂಬರೇ ಇರುತ್ತಿತ್ತು. ಬಾಗಿಲು ತೆರೆದು ಮನುಷ್ಯ ಹೊರಗೆ ಬಂದ ಮೇಲೆ ಹೆಸರು, ಮುಖ, ಕೆಮ್ಮು, ಕಂಕುಳಲ್ಲಿ ಮಗು ಎಲ್ಲ ಕಾಣುತ್ತಿತ್ತು. ಯಾರೂ ನಿನ್ನ ಬಾಗಿಲಿಗೆ ಬಾರದಿದ್ದರೆ ನೀನೇ ಹೋಗಿ ತಟ್ಟು. ನರ್ಸ್ ಮನೆಯಲ್ಲಿದ್ದಾಗ ಹೋಗಿ ಸೂಜಿ ಇದೆಯಾ ಎಂದು ಕೇಳು. ಸೂಜಿ ಯಾರ ಮನೆಯಲ್ಲಾದರೂ ಇರುತ್ತದೆ, ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ.

ಇಲ್ಲಿ ಚಳಿಗಾಳಿ ಶುರುವಾಗಿದೆ. ಚೀಲದ ಅಕ್ಕ ಆ ಗಾಳಿಯಲ್ಲೂ ಬಾಗಿಲು ತೆರೆದಿಟ್ಟುಕೊಂಡೇ ಮಿಷನ್ ತುಳಿಯುತ್ತಾರೆ. ಬಸ್‌ಸ್ಟ್ಯಾಂಡಿನ ಧೂಳೆಲ್ಲ ಅವರ ಬಟ್ಟೆಯ ಮೇಲೆ. ಬಾಗಿಲು ಹಾಕಿಕೊಳ್ಳಬಾರದೇ ಎಂದು ಯಾರು ಹೇಳಿದರೂ ಕೇಳುವುದಿಲ್ಲ. ಇದರ ಜೊತೆ ಒಂದು ಕಂಬಳಿ ಕಳಿಸಿದ್ದೇನೆ. ಕಂಬಳಿ ಸುಮ್ಮನೆ ಕಳಿಸಲಾಗುವುದಿಲ್ಲ, ಒಂದು ಚೀಲದಲ್ಲಿದೆ. ಹತ್ತಾಯಿತು, ನಗಬೇಡ.

ಇಂತಿ ನಿನ್ನ
ಅಪ್ಪ

* * *

ಆಗಸ್ಟ್ ೨೮

ಅಪ್ಪಾ,

ಇವತ್ತು ನಿನ್ನ ಮಗಳು ಕ್ಲಾಸಿನಲ್ಲಿ ಬಾಯಿ ಬಿಟ್ಟಳು!

ಮೊದಲು ಸೂಜಿಯ ಕಥೆ ಮುಗಿಸುತ್ತೇನೆ. ಬಿಳಿ ಚಪ್ಪಲಿ ನೋಡಿಯೇ ಹೋಗಿ ಎದುರು ಬಾಗಿಲ ಮುಂದೆ ನಿಂತೆ. ಕೈ ಎತ್ತಿದೆ. ಪಾಳಿ ಮುಗಿಸಿ ಮಲಗಿದ್ದರೆ ಎಂದು ಕೈ ಇಳಿಸಿ ವಾಪಸ್ ಬಂದೆ. ಅಮೀನನ ಮಗಳಿಗೆ ಒಂದು ಬಾಗಿಲು ತಟ್ಟಲು ಬರಲಿಲ್ಲ. ಅಂದು ಸಂಜೆ ಬ್ರೆಡ್ಡು ತಿನ್ನುತ್ತ ಸುಮ್ಮನೆ ಅಳು ಬಂತು. ಯಾರೂ ಬೈದಿರಲಿಲ್ಲ, ಏನೂ ಆಗಿರಲಿಲ್ಲ. ಏನೂ ಆಗುತ್ತಿಲ್ಲ ಎಂದೇ ಅಳು.

ಈಗ ಕ್ಲಾಸು. ನಮ್ಮ ಮೇಡಂ ಒಬ್ಬರು, ಹದಿನೆಂಟು ವರ್ಷ ವಕೀಲಿಕೆ ಮಾಡಿ ಪಾಠಕ್ಕೆ ಬಂದವರು. ಕನ್ನಡಕದ ಮೇಲಿಂದ ನೋಡಿದರೆ ಬೆಂಚೂ ನಡುಗುತ್ತದೆ. ಅವರು ಕೇಳಿದರು, "ಕೋರ್ಟಿಗೆ ಬಾ ಅಂತ ಪ್ರತಿವಾದಿಗೆ ಸಮನ್ಸ್ ಕಳಿಸ್ತಾರೆ. ಅದು ತಲುಪ್ತು ಅಂತ ಜಡ್ಜಿಗೆ ಹೇಗೆ ಗೊತ್ತಾಗುತ್ತೆ?"

ವಕೀಲರ ಮಕ್ಕಳೆಲ್ಲ ಪುಟ ತಿರುವತೊಡಗಿದರು. ನನ್ನ ಕೈ ತಾನಾಗಿ ಮೇಲೆ ಹೋಯಿತು.

"ನಮ್ಮಪ್ಪ ಹೇಳಿದ್ರೆ ಗೊತ್ತಾಗುತ್ತೆ ಮೇಡಂ."

ನೂರಿಪ್ಪತ್ತು ಜನ ನಕ್ಕರು. ಮೇಡಂ ನಗಲಿಲ್ಲ. ಮುಂದೆ ಹೇಳು ಎಂದರು. ಹೇಳಿದೆ ನೋಡು, ನಿನ್ನಿಂದ ಕೇಳಿದ್ದೆಲ್ಲ. ಮನುಷ್ಯ ಸಿಕ್ಕರೆ ನಕಲಿನ ಮೇಲೆ ಸಹಿ ಹಾಕಿಸಿಕೊಳ್ಳಬೇಕು. ಸಿಗದಿದ್ದರೆ ಬೇರೆ ಬೇರೆ ದಿನ ಮೂರು ಸಲ ಹೋಗಿ ತಟ್ಟಬೇಕು. ಮೂರನೇ ಸಲವೂ ಬೀಗವಿದ್ದರೆ ಇಬ್ಬರು ಸಾಕ್ಷಿಗಳ ಮುಂದೆ ಬಾಗಿಲಿಗೆ ಅಂಟಿಸಿ, ಆದದ್ದನ್ನೆಲ್ಲ ಕಾಗದದ ಹಿಂದೆ ಬರೆದು ಸಹಿ ಮಾಡಬೇಕು, ಆ ಬರಹಕ್ಕೆ ಷರಾ ಎನ್ನುತ್ತಾರೆ. ಚೀಲದಲ್ಲಿ ಅಂಟಿನ ಡಬ್ಬಿ ಇರುತ್ತದೆ ಎಂದೂ ಹೇಳಿದೆ.

"ನಿಮ್ಮಪ್ಪ ಹೋಗದೇನೇ ಹೋಗಿದ್ದೆ ಅಂತ ಬರೆದ್ರೆ?" ಎಂದರು ಮೇಡಂ.

"ನಮ್ಮಪ್ಪ ಬರೆಯಲ್ಲ ಮೇಡಂ."

ಈ ಸಲ ಯಾರೂ ನಗಲಿಲ್ಲ ಅಪ್ಪಾ. ಮೇಡಂ ಕನ್ನಡಕ ತೆಗೆದು, "ಇಷ್ಟು ದೊಡ್ಡ ಕಟ್ಟಡ ಒಬ್ಬ ಮನುಷ್ಯ ಬಾಗಿಲು ತಟ್ಟಿದಾನೆ ಅನ್ನೋ ನಂಬಿಕೆ ಮೇಲೆ ನಿಂತಿದೆ. ಬರಿ ಇದನ್ನ. ನವೆಂಬರಲ್ಲಿ ಎಲ್ಲರ ಮುಂದೆ ಓದ್ತೀಯ" ಎಂದರು. ಹೊರಗೆ ಬಂದಾಗ ಮೂವರು ನನ್ನ ಜೊತೆ ಚಹಾ ಕುಡಿಯಲು ಬಂದರು. ನನಗೆ "ಅಮೀನಮ್ಮ" ಎಂದು ಹೆಸರು ಬಿದ್ದಿದೆ. ಎಂಬತ್ತೇಳಕ್ಕಿಂತ ಎಷ್ಟೋ ವಾಸಿ.

ಆದ್ದರಿಂದ ನಿನ್ನ ಡೈರಿಗಳೆಲ್ಲ ಬೇಕು. ಟ್ರಂಕಿನಲ್ಲಿವೆಯಲ್ಲ, ವರ್ಷಕ್ಕೊಂದರಂತೆ. ಎಂದು ಯಾವ ಬಾಗಿಲಿಗೆ ಹೋದೆ ಎಂದು ಬರೆದಿಟ್ಟವು. ಸಮುದ್ರಕ್ಕೆ ಹೋದ ವರ್ಷದ್ದನ್ನು ಮರೆಯಬೇಡ. ಅದು ನನ್ನ ಸ್ವಂತಕ್ಕೆ. ಆ ಎರಡು ದಿನ ಯಾವ ತಾರೀಕು ಎಂದು ನೋಡಬೇಕು, ಆ ದಿನದ ಹಾಳೆಯಲ್ಲಿ ನೀನು ಏನು ಬರೆದಿದ್ದೀ ಎಂದು ನೋಡಬೇಕು.

ನಿನ್ನ
ಪಿಟೀಲು (ಅಮೀನಮ್ಮ)

* * *

ಸೆಪ್ಟೆಂಬರ್ ೧೦

ಮಗಳೇ,

ಡೈರಿ ಕಳಿಸಿದ್ದೇನೆ. ಮೂವತ್ತೊಂದು ಇವೆ, ಎರಡು ಚೀಲದಲ್ಲಿ. ನೀನು ಕೇಳಿದ ವರ್ಷದ್ದು ಇಲಿ ತಿಂದು ಹಾಳಾಗಿದೆ, ಕಳಿಸಿ ಪ್ರಯೋಜನವಿಲ್ಲ.

ನನ್ನ ವಿಷಯ ಬರೆಯುವುದೇನಿದೆ. ಬೇರೆ ಏನಾದರೂ ಬರೆ. ಜಡ್ಜುಗಳ ವಿಷಯ ಬರೆದರೆ ಮಾರ್ಕು ಹೆಚ್ಚು ಬಂದೀತು.

ಕಂಬಳಿ ಹೊದೆಯುತ್ತಿದ್ದೀಯಾ?

ಅಪ್ಪ

* * *

ಸೆಪ್ಟೆಂಬರ್ ೨೨

ಅಪ್ಪಾ,

ಯಾವ ಇಲಿ ಅದು? ಮೂವತ್ತೆರಡು ಪುಸ್ತಕದ ಸಾಲಿನಲ್ಲಿ ಹಿಂದಿನದನ್ನೂ ಮುಟ್ಟದೆ ಮುಂದಿನದನ್ನೂ ಮುಟ್ಟದೆ ನಡುವಿನ ಒಂದನ್ನು ಹೆಕ್ಕಿ ತಿಂದ ಇಲಿ ಓದು ಬಲ್ಲ ಇಲಿಯೇ ಇರಬೇಕು. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಯಾಕೆ ಸುಮ್ಮನೆ ಕೈ ಹಾಕುತ್ತೀಯ?

ನಾನು ಸಮುದ್ರ ಎಂದಾಗಲೆಲ್ಲ ನೀನು ಮಾತು ಮರೆಸುತ್ತೀಯ. ಮೊದಲು ಅಮ್ಮನ ನೆನಪಾಗುತ್ತದೆಯೇನೋ ಎಂದುಕೊಂಡಿದ್ದೆ. ಆದರೆ ಅಮ್ಮ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಅಲ್ಲಿ ನೀನು ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗಿಳಿದು ಕೂಗಿದ್ದೆ. ನೀನು ಕೂಗಿದ್ದನ್ನು ನಾನು ಆಮೇಲೆ ಎಂದೂ ಕೇಳಿಲ್ಲ.

ಚಹಾಕ್ಕೆ ಬಂದ ಮೂವರೂ ಮತ್ತೆ ತಮ್ಮ ಗುಂಪಿಗೆ ಹೋದರು. ಜಗಳವೇನಿಲ್ಲ, ಎದುರಾದರೆ ನಗುತ್ತಾರೆ. ನಿನ್ನೆ ನನ್ನ ಹುಟ್ಟಿದ ದಿನ. ಫೋನಿನಲ್ಲಿ ನೀನು ಏನೋ ಹೇಳಿದೆ, ನಾನು ಏನೋ ಹೇಳಿದೆ. ಆಮೇಲೆ ನಿನ್ನ ಡೈರಿಗಳನ್ನು ನೆಲದ ಮೇಲೆ ಹರಡಿಕೊಂಡು ಓದುತ್ತ ಕುಳಿತೆ. "ಬಾಗಿಲು ತೆರೆದವರು ಮುದುಕಿ. ಸಹಿ ಬಾರದು. ಹೆಬ್ಬೆಟ್ಟು." "ನಾಯಿ ಇದೆ, ಕಟ್ಟಿಲ್ಲ." "ನೀರು ಕೊಟ್ಟರು." ಇಡೀ ದಿನ ನಿನ್ನ ಜೊತೆ ಬೀದಿ ಸುತ್ತಿದ ಹಾಗಾಯಿತು. ಅದಕ್ಕೇ ಆ ಒಂದು ವರ್ಷ ಇಲ್ಲದ್ದು ಹಲ್ಲು ಬಿದ್ದ ಜಾಗದಂತೆ ನಾಲಗೆಗೆ ಸಿಗುತ್ತಿದೆ. ಇಲಿ ತಿಂದಿದ್ದರೆ ತಿಂದುಳಿದದ್ದನ್ನೇ ಕಳಿಸು.

ನಿನ್ನ
ಪಿಟೀಲು

* * *

ಅಕ್ಟೋಬರ್ ೧೨

ಮಗಳೇ,

ಇದರ ಜೊತೆ ಆ ಡೈರಿ ಇದೆ. ಇಲಿ ತಿಂದಿಲ್ಲ.

ಮಾರ್ಚ್ ತಿಂಗಳ ಎರಡನೇ ವಾರ ತೆರೆ. ಮಂಗಳವಾರದ ಹಾಳೆಯಲ್ಲಿ "ಎರಡನೇ ಸಲ ಹೋದೆ, ತಟ್ಟಿದೆ, ಬೀಗ" ಎಂದಿದೆ. ಬುಧವಾರ "ಮೂರನೇ ಸಲ ಹೋದೆ, ತಟ್ಟಿದೆ, ಬೀಗ, ಸಾಕ್ಷಿಗಳ ಸಮಕ್ಷಮ ಬಾಗಿಲಿಗೆ ಅಂಟಿಸಿದೆ" ಎಂದಿದೆ. ಆ ಮಂಗಳವಾರ, ಬುಧವಾರ ನಾನು ನಿನ್ನ ಜೊತೆ ಸಮುದ್ರದ ಹತ್ತಿರ ಇದ್ದೆ.

ಭಾನುವಾರ ನೀನು ಶಾಲೆಗೆಂದು ಸಮುದ್ರದ ಚಿತ್ರ ಬರೆದಿದ್ದೆ. ಸುತ್ತಲೂ ಗೋಡೆ ಕಟ್ಟಿ, ಒಂದು ಮೂಲೆಗೆ ನಲ್ಲಿ ಇಟ್ಟಿದ್ದೆ. ಟೀಚರು ನಕ್ಕರೆ ಎಂದು ನನಗೆ ಸಂಕಟವಾಯಿತು. ತಾಯಿಯಿಲ್ಲದ ಮಗು ನೀರಿನ ತೊಟ್ಟಿಯನ್ನೇ ಸಮುದ್ರ ಅಂದುಕೊಂಡಿದೆ ಎಂದು. ಸೋಮವಾರ ರಜೆ ಕೇಳಿದೆ, ಸಾಹೇಬರು ಕೊಡಲಿಲ್ಲ. ಕೈಯಲ್ಲಿ ಒಂದೇ ಸಮನ್ಸ್ ಉಳಿದಿತ್ತು. ಮಧ್ಯಾಹ್ನ ಹೋದೆ, ಬೀಗವಿತ್ತು. ಬಸ್ಸಿನ ಹೊತ್ತಾಗಿತ್ತು. ಅಂದೇ ಅಂಟಿಸಿ ಬುಧವಾರದ ತಾರೀಕು ಹಾಕಿದೆ. ಡಬ್ಬಿಯಲ್ಲಿ ಅಂಟು ಒಣಗಿತ್ತು, ನೀರು ಬೆರೆಸಿ ಬಳಿದಿದ್ದೆ. ಗಾಳಿಗೆ ಅದು ಎಷ್ಟು ಹೊತ್ತು ನಿಂತಿತೋ ಗೊತ್ತಿಲ್ಲ. ಚಹಾದಂಗಡಿಯವನೂ ಅವನ ಭಾವಮೈದುನನೂ ಸಾಕ್ಷಿ ಹಾಕಿದರು. ಅವರು ಯಾವುದಕ್ಕೆ ಬೇಕಾದರೂ ಹಾಕುತ್ತಿದ್ದರು.

ಆ ಮನೆ ಚೀಲದ ಅಕ್ಕನದು. ಗಂಡ ಸತ್ತು ವರ್ಷವಾಗಿರಲಿಲ್ಲ. ಮನೆ ತನ್ನದೆಂದು ಗಂಡನ ಅಣ್ಣ ದಾವೆ ಹಾಕಿದ್ದ. ಆ ಸೋಮವಾರ ಒಂದು ದಿನ ಅವರು ತಂಗಿಯ ಬಾಣಂತನಕ್ಕೆ ಹೋಗಿದ್ದರು. ಮಂಗಳವಾರ ಬೆಳಿಗ್ಗೆ ಬಂದರು. ಮಂಗಳವಾರ, ಬುಧವಾರ ಇಡೀ ದಿನ ಮನೆಯಲ್ಲೇ ಮಿಷನ್ ತುಳಿಯುತ್ತಿದ್ದರು. ಕಾಗದ ಕಾಣಲಿಲ್ಲ, ಕೋರ್ಟಿಗೆ ಹೋಗಲಿಲ್ಲ. ಅವರಿಲ್ಲದೆಯೇ ತೀರ್ಪಾಯಿತು. ಸಮನ್ಸ್ ಬಂದದ್ದೇ ತಮಗೆ ತಿಳಿಯಲಿಲ್ಲ ಎಂದು ಆಮೇಲೆ ಅರ್ಜಿ ಹಾಕಿದರು. ಜಡ್ಜು ನನ್ನ ಷರಾ ಓದಿ, "ಅಮೀನರು ಮೂರು ಸಲ ಹೋಗಿದ್ದಾರೆ" ಎಂದು ಅರ್ಜಿ ವಜಾ ಮಾಡಿದರು. ಮನೆ ಖಾಲಿ ಮಾಡಿಸಲು ವಾರಂಟ್ ಹಿಡಿದು ಹೋದವನೂ ನಾನೇ. ಅದು ಅಮೀನನ ಕೆಲಸವೇ ಅಲ್ಲವೇ.

ಅಂದು ಅವರು ನನ್ನ ಮೇಲೆ ಕೂಗಾಡಿದ್ದರೆ ಇವತ್ತು ಈ ಕಾಗದ ಬರೆಯುತ್ತಿರಲಿಲ್ಲವೇನೋ. ಮಿಷನ್ ಮೇಲೆ ಕೈಯಿಟ್ಟುಕೊಂಡು, "ನೀವು ಮೂರು ಸಲ ಬಂದಿದ್ರಂತೆ. ನಂಗೇ ಕೇಳಿಸ್ಲಿಲ್ಲ ಅನ್ಸುತ್ತೆ, ಇದರ ಸದ್ದಲ್ಲಿ. ನಿಮಗೂ ಸುಮ್ನೆ ತೊಂದ್ರೆ ಆಯ್ತು" ಎಂದರು. ವಾರಂಟನ್ನು ಅವರ ಮುಂದೆ ಚಾಚಿದೆ. ನಿಜ ಹೇಳಿ ಕೆಲಸ ಹೋದರೆ ನಿನ್ನ ಗತಿ ಏನು ಎಂದು ಅಂದು ಅಂದುಕೊಂಡೆ. ಅದು ಅರ್ಧ ನಿಜ. ಇನ್ನರ್ಧ, ನನಗೆ ನಾಚಿಕೆಯಾಯಿತು.

ಅವರು ಬಾಡಿಗೆ ಕೋಣೆಗೆ ಹೋದ ದಿನದಿಂದ ಬಾಗಿಲು ಹಾಕುವುದಿಲ್ಲ. ಯಾರಾದರೂ ತಟ್ಟಿದರೆ ಕೇಳಿಸದೆ ಹೋದೀತು ಎಂದು. ಹದಿನಾಲ್ಕು ವರ್ಷದಿಂದ ನಾನು ಚೀಲ ಹೊಲಿಸುತ್ತಿದ್ದೇನೆ.

ಸಮುದ್ರಕ್ಕೆ ಹೋದದ್ದು ನಿನ್ನಿಂದಾಗಿ ಅಲ್ಲ, ನನ್ನಿಂದ. ಏಳು ವರ್ಷದ ಮಗು ಷರಾ ಬರೆಯುವುದಿಲ್ಲ. ಇದನ್ನು ಎರಡೆರಡು ಸಲ ಓದು.

ಅಪ್ಪ

* * *

ಅಕ್ಟೋಬರ್ ೧೯

ಡೈರಿ ಮತ್ತು ಕಾಗದ ತಲುಪಿವೆ.

ಎಂಬತ್ತೇಳು

* * *

ನವೆಂಬರ್ ೯

ಮಗಳೇ,

ಒಂದು ಸಾಲು ಬರೆದು ನಂಬರು ಹಾಕಿದ್ದೀಯ. ತಲುಪಿದೆ ಎಂದು ಸಹಿ ಮಾಡಿ ಬಾಗಿಲು ಹಾಕಿಕೊಳ್ಳುವವರನ್ನು ನಾನು ಸಾವಿರ ಜನರನ್ನು ನೋಡಿದ್ದೇನೆ. ಅವರ ಬಾಗಿಲ ಮುಂದೆ ಅಮೀನ ಇನ್ನೂ ನಿಲ್ಲಬಾರದು. ಅದು ನಿಯಮ.

ಆದರೂ ಬರೆಯುತ್ತಿದ್ದೇನೆ. ಫೋನು ಮಾಡಿದರೆ ಎತ್ತುತ್ತಿಲ್ಲ ಎಂದು ಗೊತ್ತಾಗುವಷ್ಟು ಕಿವಿ ನನಗಿನ್ನೂ ಇದೆ. ಉಂಡೆಯಾ, ಕಂಬಳಿ ಹೊದ್ದೆಯಾ ಎಂದು ಕೇಳುವ ಹಕ್ಕು ಉಳಿದಿದ್ದರೆ ಅಷ್ಟನ್ನು ಕೇಳುತ್ತೇನೆ. ಈ ಸಲ ಚೀಲದಲ್ಲಿ ಏನೂ ಕಳಿಸಿಲ್ಲ.

ಅಪ್ಪ

* * *

ಡಿಸೆಂಬರ್ ೨

ಅಪ್ಪಾ,

ಪ್ರಬಂಧ ಓದಲಿಲ್ಲ. ಆ ದಿನ ಮೇಡಂ ಎಂಬತ್ತೇಳು ಎಂದು ಕರೆದರು. ಸಿದ್ಧವಾಗಿಲ್ಲ ಮೇಡಂ ಎಂದೆ. ಕನ್ನಡಕದ ಮೇಲಿಂದ ತುಂಬ ಹೊತ್ತು ನೋಡಿ ಎಂಬತ್ತೆಂಟನ್ನು ಕರೆದರು. ಎಲ್ಲರೂ ಮರೆತರು. ಇಲ್ಲಿ ಮರೆಯಲು ಯಾರಿಗೂ ಕಷ್ಟವಿಲ್ಲ.

ಆಮೇಲೆ ಜ್ವರ ಬಂತು. ಮೂರು ದಿನ ಬಾಗಿಲು ತೆರೆಯಲಿಲ್ಲ. ಮೊದಲ ದಿನ ಸಂಜೆ ಯಾರೋ ತಟ್ಟಿದರು. ಅಪ್ಪಾ, ಐದು ತಿಂಗಳಿಂದ ಕಾದಿದ್ದ ಸದ್ದು, ಆದರೆ ಎದ್ದು ಹೋಗಲು ಆಗಲಿಲ್ಲ. ಮಲಗಿಯೇ ಕಿವಿಗೊಟ್ಟೆ. ಹೋಗಿಬಿಟ್ಟರು. ಮಾರನೇ ದಿನ ಮತ್ತೆ ತಟ್ಟಿದರು. ಮೂರನೇ ದಿನವೂ ಬಂದು, "ನಿಮ್ಮ ಚಪ್ಪಲಿ ಮೂರು ದಿನದಿಂದ ಅಲ್ಲಾಡಿಲ್ಲ, ಒಳಗಿದೀರ ಅಂತ ಗೊತ್ತು, ತೆಗೀರಿ" ಎಂದು ಕೂಗಿದರು. ಬಿಳಿ ಚಪ್ಪಲಿಯ ನರ್ಸ್. ನಾನು ಅವರ ಚಪ್ಪಲಿ ನೋಡುತ್ತಿದ್ದಷ್ಟು ದಿನವೂ ಅವರು ನನ್ನದನ್ನು ನೋಡುತ್ತಿದ್ದರಂತೆ. ಗಂಜಿ ಕಾಯಿಸಿ ಕೊಟ್ಟರು. ಬಾಯಿಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ನಾನು ಅತ್ತದ್ದಕ್ಕೆ ಜ್ವರವೇ ಕಾರಣ ಎಂದುಕೊಂಡಿದ್ದಾರೆ.

ಒಳಗೆ ಮಲಗಿದವರಿಗೆ ಒಂದು ತಟ್ಟುವಿಕೆ ಎಷ್ಟು ದೊಡ್ಡದೆಂದು ಆಗ ಗೊತ್ತಾಯಿತು. ಇಡೀ ಮೈ ಕಿವಿಯಾಗುತ್ತದೆ. ಆ ಅಕ್ಕ ಹದಿನಾಲ್ಕು ವರ್ಷದಿಂದ ಹಾಗೆ ಕಿವಿಗೊಟ್ಟು ಕೂತಿದ್ದಾರೆ. ಬಾರದೇ ಇದ್ದ ಸದ್ದು ತನಗೆ ಕೇಳಿಸಲಿಲ್ಲ ಎಂದು ತನ್ನನ್ನೇ ಬೈದುಕೊಂಡು.

ನಿನ್ನ ಮೇಲೆ ತುಂಬ ಕೋಪವಿದೆ. ಸುಳ್ಳು ಬರೆದದ್ದಕ್ಕಿಂತ, ಅವರಿಂದ ಚೀಲ ಹೊಲಿಸಿ ಹೊಲಿಸಿ ನನ್ನ ಕೈಗೆ ಕೊಟ್ಟೆಯಲ್ಲ, ಅದಕ್ಕೆ. ನಾನು ಅದನ್ನು ನೋಡಿ ನಗುತ್ತಿದ್ದೆ. ಶಂಖವನ್ನು ಮೇಜಿನ ಡ್ರಾಯರಿನೊಳಗೆ ಇಟ್ಟಿದ್ದೇನೆ. ಎಸೆದಿಲ್ಲ. ಎಲ್ಲಿಡಬೇಕು ಎಂದು ತಿಳಿಯುತ್ತಿಲ್ಲ. ನನ್ನಲ್ಲಿದ್ದದ್ದು ಅವೆರಡೇ ದಿನ ಅಪ್ಪಾ, ಅವೂ ಇನ್ನೊಬ್ಬರವು.

ಲೈಬ್ರರಿಯಲ್ಲಿ ಹುಡುಕಿದೆ. ಅರ್ಜಿಯ ಅವಧಿ ಎಂದೋ ಮುಗಿದಿದೆ. ಮೋಸದಿಂದ ಆದ ತೀರ್ಪಿಗೆ ಬೇರೆ ದಾರಿ ಇರಬಹುದು ಎಂದು ಮೂರನೇ ವರ್ಷದವರೊಬ್ಬರು ಹೇಳಿದರು. ನಾವಿನ್ನೂ ಆ ಪಾಠಕ್ಕೆ ಬಂದಿಲ್ಲ. ಆದರೆ ಇದಕ್ಕೆ ಪಾಠ ಬೇಡ: ನೀನು ಅವರಿಗೆ ಹೇಳಿದ್ದೀಯಾ? ನನಗೆ ಹೇಳಿದರೆ ಏನು ಬಂತು? ಅದು ತಪ್ಪು ವಿಳಾಸ. ಸರಿಯಾದ ವಿಳಾಸ ನಿನಗೆ ಗೊತ್ತಿದೆ, ಬಾಗಿಲೂ ತೆರೆದಿದೆ.

ಮಗಳು

* * *

ಡಿಸೆಂಬರ್ ೨೧

ಮಗಳೇ,

ಹೇಳಿದೆ. ಆದದ್ದು ಆದ ಹಾಗೆ ಬರೆಯುತ್ತೇನೆ.

ಹದಿನಾರನೇ ತಾರೀಕು, ಬೆಳಿಗ್ಗೆ ಹತ್ತು. ಮೊದಲ ಸಲ ಹೋದೆ. ಬಾಗಿಲು ತೆರೆದಿತ್ತು. ಒಳಗೆ ಇಬ್ಬರು ಗಿರಾಕಿಗಳಿದ್ದರು. ವಾಪಸ್ ಬಂದೆ.

ಹದಿನೇಳು, ಬೆಳಿಗ್ಗೆ ಹತ್ತು. ಎರಡನೇ ಸಲ ಹೋದೆ. ಬಾಗಿಲು ತೆರೆದಿತ್ತು. ಒಬ್ಬರೇ ಇದ್ದರು. "ಚೀಲಾನಾ?" ಎಂದರು. ಹೌದೆಂದು ತಲೆಯಾಡಿಸಿ ಒಂದು ಚೀಲ ಕೊಂಡು ಬಂದೆ. ನಿನ್ನ ಅಪ್ಪನಿಗೆ ಧೈರ್ಯ ಇಷ್ಟೇ ಎಂದು ನಿನಗೂ ಗೊತ್ತಿರಲಿ.

ಹದಿನೆಂಟು, ಬೆಳಿಗ್ಗೆ ಹತ್ತು. ಮೂರನೇ ಸಲ ಹೋದೆ. ಈ ಸಲ ಮೂರೂ ನಿಜ. ಬಾಗಿಲು ತೆರೆದಿದ್ದರೂ ಚೌಕಟ್ಟು ತಟ್ಟಿದೆ. ಅವರು ತಲೆಯೆತ್ತಿ ನಕ್ಕು, "ತೆಗೆದೇ ಇದೆಯಲ್ಲ, ಬನ್ನಿ" ಎಂದರು. ನಡೆದದ್ದನ್ನೆಲ್ಲ ನಾನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಟ್ಟುಕೊಂಡಿದ್ದೆ. ಅದನ್ನು ಕೊಡುವ ಮೊದಲು ಬಾಯಲ್ಲೂ ಹೇಳಿದೆ. ನಿಂತೇ ಹೇಳಿದೆ. ಮಿಷನ್ ನಿಂತಿತು.

"ಆ ಮಂಗಳವಾರ ನಾನು ಮನೇಲೇ ಇದ್ದೆ" ಎಂದರು.

"ಗೊತ್ತು ಅಮ್ಮ."

"ಬುಧವಾರನೂ ಇದ್ದೆ. ಯಾರೂ ತಟ್ಲಿಲ್ಲ?"

"ಯಾರೂ ತಟ್ಲಿಲ್ಲ."

ಬೆರಳಿನಿಂದ ಬಟ್ಟೆಯ ನೂಲು ಕೀಳುತ್ತ ಕುಳಿತರು. ನಾನು ಅವರ ಮುಖ ನೋಡಲಿಲ್ಲ, ಬೆರಳು ನೋಡುತ್ತಿದ್ದೆ. "ನಮ್ಮಮ್ಮ ಸಾಯೋವರೆಗೂ ಬೈದ್ಲು. ಕಿವುಡಿ, ಮಿಷನ್ ಮುಂದೆ ಕೂತ್ರೆ ಲೋಕಾನೇ ಮರೀತೀಯ, ಮನೆ ಕಳ್ಕೊಂಡೆ ಅಂತ" ಎಂದರು. ಆಮೇಲೆ, "ಎಲ್ಲಿಗೆ ಹೋಗಿದ್ರಿ?" ಎಂದು ಕೇಳಿದರು.

"ಮಗಳಿಗೆ ಸಮುದ್ರ ತೋರ್ಸೋಕೆ."

ಹಾಳೆ ತೆಗೆದುಕೊಂಡು ಓದಿದರು, ಮಡಿಸಿ ಮಿಷನ್ನಿನ ಡ್ರಾಯರಿನಲ್ಲಿ ಹಾಕಿದರು. ಅದನ್ನು ಎಲ್ಲಿ ಬೇಕಾದರೂ ತೋರಿಸಿ, ಕೋರ್ಟಿಗೆ ಕರೆದರೆ ಬಂದು ಹೇಳುತ್ತೇನೆ, ನನ್ನ ಪೆನ್ಷನ್ ಹೋದರೆ ಹೋಗಲಿ ಎಂದೆ. ನನ್ನ ಮಗಳು ಕಾನೂನು ಓದುತ್ತಿದ್ದಾಳೆ ಎಂದೂ ಹೇಳಿದೆ. ಹೇಳಬಾರದಿತ್ತೇನೋ, ಬಾಯಿಗೆ ಬಂತು.

"ಇನ್ಮೇಲೆ ಚೀಲಕ್ಕೆ ಬರ್ಬೇಡಿ" ಎಂದರು.

ಆಯಿತು ಎಂದೆ. ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದಿನಿಂದ ಕರೆದರು. ಕ್ಷಮಿಸಿದೆ ಎನ್ನುತ್ತಾರೆ ಎಂದುಕೊಂಡೆ, ಆಸೆ ನೋಡು.

"ಹೋಗ್ತಾ ಬಾಗಿಲು ಎಳ್ಕೊಂಡು ಹೋಗಿ. ಚಳಿ."

ಎಳೆದುಕೊಂಡೆ. ಕೀಲು ತುಕ್ಕು ಹಿಡಿದಿತ್ತು, ಎರಡು ಕೈ ಹಾಕಿ ಎಳೆಯಬೇಕಾಯಿತು. ಮುಚ್ಚಿದ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತೆ. ಒಳಗೆ ಮಿಷನ್ ಶುರುವಾಯಿತು. ಅದರ ಸದ್ದು ನನ್ನ ಈ ಹಾಳು ಕಿವಿಗೂ ಬೀದಿ ತಿರುವಿನವರೆಗೆ ಕೇಳಿಸುತ್ತಿತ್ತು ಮಗಳೇ. ಆ ಮಂಗಳವಾರ ಹೋಗಿದ್ದರೆ ತಟ್ಟುವುದೂ ಬೇಕಿರಲಿಲ್ಲ. ಒಳಗೆ ಮನುಷ್ಯರಿದ್ದಾರೆ ಎಂದು ಅಲ್ಲಿಂದಲೇ ತಿಳಿಯುತ್ತಿತ್ತು.

ಅಪ್ಪ

* * *

ಜನವರಿ ೩

ಅಪ್ಪಾ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೇ ಕೂತು ಓದಿದೆ. ಆಮೇಲೆ ಎದುರು ಬಾಗಿಲು ತಟ್ಟಿ ಸೂಜಿ ಕೇಳಿದೆ. ಕೊಟ್ಟರು. ಯಾವುದಕ್ಕೆ ಎಂದು ಕೇಳಿದಾಗ, ನಮ್ಮಪ್ಪ ಕೇಳು ಅಂದಿದ್ರು ಎಂದೆ.

ಕೋಪ ಪೂರ್ತಿ ಹೋಗಿಲ್ಲ. ಹೋದಾಗ ಹೇಳುತ್ತೇನೆ, ಹೋಗದೆಯೇ ಹೋಗಿದೆ ಎಂದು ಬರೆಯುವುದಿಲ್ಲ. ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಆ ಅಕ್ಕ ಕೇಳಿದರೆ ದಾರಿ ಹುಡುಕೋಣ, ಕೇಳದಿದ್ದರೆ ನಾವಾಗಿ ಅವರ ಮುಂದೆ ಹೋಗಿ ನಿಲ್ಲುವುದು ಬೇಡ ಎಂದರು.

ಗುರುವಾರದಿಂದ ಒಂದು ವಾರ ರಜೆ. ಬೆಳಗಿನ ಬಸ್ಸಿಗೆ ಬರುತ್ತೇನೆ. ನನಗಾಗಿ ಬಾಗಿಲು ತೆರೆದಿಟ್ಟು ಕೂರಬೇಡ, ನಿನಗೂ ಚಳಿ ಆಗಿಬರುವುದಿಲ್ಲ. ಹಾಕಿಕೊಂಡಿರು. ತಟ್ಟುತ್ತೇನೆ. ಮೊದಲ ಸಲ ನಿನಗೆ ಕೇಳಿಸುವುದಿಲ್ಲ, ಗೊತ್ತು. ಎರಡನೇ ಸಲವೂ ಕೇಳಿಸಲಿಕ್ಕಿಲ್ಲ. ಬಾಗಿಲಲ್ಲಿ ನಿನ್ನ ಚಪ್ಪಲಿ ಇರುತ್ತದಲ್ಲ, ಅದರ ಪಕ್ಕದಲ್ಲಿ ಕೂತಿರುತ್ತೇನೆ.

ನಿನ್ನ
ಪಿಟೀಲು